ಮಾರ್ಗದರ್ಶಿ ಹೊರಲಾರದ ಹೊಣೆ

ವಿದೇಶದ ಬೆಟ್ಟದಾರಿಗಳಲ್ಲಿ ಬೈಕ್ ಪ್ರವಾಸ ಮಾಡಬೇಕೆಂಬ ಹಂಬಲ ಇಂದಿನ ಯುವಜನರಲ್ಲಿ ಸಹಜವಾಗಿ ಬೆಳೆಯುತ್ತಿದೆ. ಬೈಕು, ವಸತಿ, ಊಟ, ಮುಂದೆ ಸಾಗುವ ಮಾರ್ಗದರ್ಶಿ ಎಲ್ಲವನ್ನೂ ಒಂದೇ ದರದಲ್ಲಿ ಒದಗಿಸುವ ಸಂಸ್ಥೆಗಳೂ ಇವೆ. ಹಣ ಕಟ್ಟಿದೊಡನೆ ಸಿದ್ಧತೆ ಮುಗಿಯಿತೆಂದು ಭಾವಿಸುವವರು ಅನೇಕರು. ಈ ಭಾವನೆ ಸರಿಯಲ್ಲ. ಮಾರ್ಗದರ್ಶಿ ದಾರಿಯನ್ನು ತೋರಬಲ್ಲನು. ಸವಾರನ ಹೊಣೆಯನ್ನು ಹೊರಲಾರನು.

ಉತ್ತರ ವಿಯೆಟ್ನಾಮಿನ ಹಾ ಜಿಯಾಂಗ್ ಪ್ರದೇಶ ಇದಕ್ಕೆ ತಕ್ಕ ನಿದರ್ಶನ. ಚೀನಾದ ಗಡಿಗೆ ತಾಗಿದ ಈ ಸುಣ್ಣಕಲ್ಲಿನ ಬೆಟ್ಟಸೀಮೆಯಲ್ಲಿ ಸುಮಾರು 350 ಕಿಲೋಮೀಟರಿನ ಸುತ್ತುದಾರಿಯನ್ನು ಪ್ರವಾಸಿಗರು ಮೂರು ನಾಲ್ಕು ದಿನಗಳಲ್ಲಿ ಕ್ರಮಿಸುತ್ತಾರೆ. ಮಾ ಪಿ ಲೆಂಗ್ ಘಟ್ಟದ ಕೆಳಗೆ, ಬಹು ಆಳದಲ್ಲಿ, ನ್ಯೋ ಕ್ವೆ ನದಿ ಹರಿಯುತ್ತದೆ. ನೋಟ ಎಷ್ಟು ರಮ್ಯವೋ ತಿರುವುಗಳು ಅಷ್ಟೇ ಕಠಿಣ.

ಮೊದಲ ಸಿದ್ಧತೆ ಕಾಗದಪತ್ರದ್ದು. ಭಾರತದಲ್ಲಿ ಸಾರಿಗೆ ಕಚೇರಿ ನೀಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯು 1949ರ ಜಿನೀವಾ ಒಪ್ಪಂದಕ್ಕೆ ಅನುಸಾರವಾದದ್ದು. ಜಪಾನಿನಲ್ಲಿ ಅದಕ್ಕೆ ಮಾನ್ಯತೆಯುಂಟು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ ಪರವಾನಗಿಯನ್ನು. 'ಅಂತಾರಾಷ್ಟ್ರೀಯ' ಎಂಬ ಮುದ್ರೆಯೊಂದೇ ಎಲ್ಲ ದೇಶಗಳಲ್ಲಿಯೂ ನಡೆಯುವುದಿಲ್ಲ. ಬೈಕು ಬಾಡಿಗೆಗೆ ಕೊಡುವವನು ಪರವಾನಗಿಯನ್ನು ಕೇಳದಿರಬಹುದು. ಅಪಘಾತವಾದಾಗ ವಿಮಾ ಸಂಸ್ಥೆ ಕೇಳದೆ ಬಿಡುವುದಿಲ್ಲ. ಮಾನ್ಯ ಪರವಾನಗಿಯಿಲ್ಲದೆ ಓಡಿಸಿದವನಿಗೆ ಪ್ರವಾಸ ವಿಮೆ ಸಾಮಾನ್ಯವಾಗಿ ದೊರೆಯದು. ಪರದೇಶದ ಆಸ್ಪತ್ರೆಯ ಖರ್ಚು ಆಗ ಊರಿನಲ್ಲಿರುವ ತಂದೆತಾಯಿಗಳ ತಲೆಯ ಮೇಲೆ ಬೀಳುತ್ತದೆ. ಹಾ ಜಿಯಾಂಗಿನಲ್ಲಿ ಸ್ಥಳೀಯ ಸವಾರನೇ ಬೈಕು ನಡೆಸಿ, ಪ್ರವಾಸಿಯನ್ನು ಹಿಂದೆ ಕೂರಿಸಿಕೊಂಡು ಹೋಗುವ ವ್ಯವಸ್ಥೆಯೂ ಇದೆ. ಅದನ್ನು ಅವಮಾನವೆಂದು ಎಣಿಸುವುದು ಬರಿಯ ಒಣಪ್ರತಿಷ್ಠೆ. ಹಿಂದೆ ಕುಳಿತವನಿಗೆ ಬೆಟ್ಟವನ್ನು ಕಣ್ತುಂಬ ನೋಡುವ ಬಿಡುವಾದರೂ ಇರುತ್ತದೆ.

ಎರಡನೆಯದು ದೇಹದ ಸಿದ್ಧತೆ. ವಿಯೆಟ್ನಾಮಿನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ಮಾರ್ಗದರ್ಶಿಯ ಹಿಂದೆ ಸಾಗುವಾಗ ಇದು ಕಷ್ಟವೆನಿಸದು. ಚಹಾ ಕುಡಿದು ಮತ್ತೆ ಹೊರಡುವಾಗ, ಎಡಕ್ಕೆ ತಿರುಗುವಾಗ, ಹಳೆಯ ರೂಢಿ ಕೈಯನ್ನು ಎಳೆಯುತ್ತದೆ. ಒಮ್ಮೆಯೂ ಘಟ್ಟದ ಇಳಿಜಾರಿನಲ್ಲಿ ಬೈಕು ನಡೆಸದವನು ಅದನ್ನು ಪರದೇಶದಲ್ಲಿ ಕಲಿಯಹೊರಡುವುದು ವಿವೇಕವಲ್ಲ. ತಲೆಗೆ ಸರಿಹೊಂದುವ ಹೆಲ್ಮೆಟ್ಟು, ಕೈಗವಸು, ಕಣಕಾಲು ಮುಚ್ಚುವ ಬೂಟುಗಳನ್ನು ಮನೆಯಿಂದಲೇ ಒಯ್ಯುವುದು ಲೇಸು.

ಮೂರನೆಯ ಸಿದ್ಧತೆ ಮನಸ್ಸಿನದು. ಹೆಚ್ಚಿನವರು ಮರೆಯುವುದೂ ಇದನ್ನೇ. ಹಾ ಜಿಯಾಂಗಿನ ಬೆಟ್ಟಗಳಲ್ಲಿ ಮೋಂಗ್, ತಾಯ್ ಮೊದಲಾದ ಜನ ನೆಲೆಸಿದ್ದಾರೆ. ಮೋಂಗ್ ಜನ ಚೀನಾ, ಲಾವೋಸ್‌ಗಳಲ್ಲಿಯೂ ಇದ್ದಾರೆ. ದೇಶದ ಗಡಿ ಅವರ ನುಡಿಯ ಗಡಿಯಲ್ಲ. ಅವರ ಮನೆಮಾತು ಬೇರೆ, ಕಚೇರಿಯ ವಿಯೆಟ್ನಾಮೀ ಭಾಷೆ ಬೇರೆ. ಈ ಬಗೆಯ ಬಾಳು ಕಾಸರಗೋಡು, ತಾಳವಾಡಿ, ಅಕ್ಕಲಕೋಟೆಗಳ ಕನ್ನಡಿಗರಿಗೆ ಹೊಸತಲ್ಲ. ಹೊರಗಿನಿಂದ ಬಂದವರು ಒಂದು ರಾಜ್ಯವೆಂದರೆ ಒಂದೇ ಭಾಷೆಯೆಂದು ತಿಳಿದು ಮಾತನಾಡಿದಾಗ ಆಗುವ ಬೇಸರವನ್ನು ಗಡಿನಾಡಿನ ವಿದ್ಯಾರ್ಥಿಗಳು ಬಲ್ಲರು. ಆ ಬೇಸರವನ್ನು ಇನ್ನೊಬ್ಬರಿಗೆ ಉಂಟುಮಾಡದಿರುವ ಎಚ್ಚರ ಅವರಲ್ಲಿಯೇ ಮೊದಲು ಮೂಡಬೇಕು. ಹೊರಡುವ ಮುನ್ನ ಆ ಜನರ ಹೆಸರು ಮತ್ತು ಚರಿತ್ರೆಯನ್ನು ಓದಿಕೊಳ್ಳುವುದು, ನಮಸ್ಕಾರ ಮತ್ತು ಕೃತಜ್ಞತೆಯ ಎರಡು ಮಾತುಗಳನ್ನಾದರೂ ಅವರ ನುಡಿಯಲ್ಲಿ ಕಲಿಯುವುದು, ಕೇಳದೆ ಅವರ ಮಕ್ಕಳ ಚಿತ್ರ ತೆಗೆಯದಿರುವುದು, ಇವು ಹಣ ಕೊಟ್ಟು ಪಡೆಯುವ ಸೌಲಭ್ಯಗಳಲ್ಲ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ತರಗತಿಯಲ್ಲಿ ಪ್ರವಾಸ ಸಾಹಿತ್ಯವನ್ನು ಓದುತ್ತಾರೆ. ಕಂಡ ಊರುಗಳ ಪಟ್ಟಿ ಪ್ರವಾಸ ಕಥನವಾಗುವುದಿಲ್ಲ; ಕಂಡ ಜನರನ್ನು ಅರಿತುಕೊಂಡಾಗಲೇ ಆಗುತ್ತದೆ. ಬೈಕಿನ ಪ್ರವಾಸಕ್ಕೂ ಇದೇ ಮಾತು ಸಲ್ಲುತ್ತದೆ.