ವರದಿಯ ಮೂರು ಸಾಲುಗಳು

ರೋಗದ ಹೆಸರನ್ನು ತಿಳಿದ ಮಾತ್ರಕ್ಕೆ ರೋಗದ ಸ್ವರೂಪವನ್ನು ತಿಳಿದಂತಾಗುವುದಿಲ್ಲ. ಒಂದೇ ಹೆಸರಿನ ವ್ಯಾಧಿಯು ದೇಹದಿಂದ ದೇಹಕ್ಕೆ ಬೇರೆ ಬೇರೆ ಸ್ವಭಾವವನ್ನು ತಾಳುವುದುಂಟು. ಸ್ತನಾರ್ಬುದವೆಂಬ, ಜನರು ಎದೆಯ ಕ್ಯಾನ್ಸರ್ ಎನ್ನುವ ರೋಗವು ಇದಕ್ಕೆ ನಿದರ್ಶನ. ಜಯನಗರದಲ್ಲಾಗಲಿ ಬನಶಂಕರಿಯಲ್ಲಾಗಲಿ ಈ ರೋಗಕ್ಕೆ ತುತ್ತಾದ ಗೃಹಿಣಿಯ ಕೈಗೆ ಬರುವ ಪ್ರಯೋಗಾಲಯದ ವರದಿಯಲ್ಲಿ ಇ.ಆರ್., ಪಿ.ಆರ್., ಹರ್-2 ಎಂಬ ಮೂರು ಸಾಲುಗಳಿರುತ್ತವೆ. ಚಿಕಿತ್ಸೆಯ ಮಾರ್ಗವನ್ನು ಬಹುಮಟ್ಟಿಗೆ ನಿರ್ಣಯಿಸುವುದು ಈ ಮೂರು ಸಾಲುಗಳೇ. ಆದರೆ ಅವುಗಳ ಅರ್ಥವನ್ನು ಆಕೆಯ ಮನೆಮಾತಿನಲ್ಲಿ ಬಿಡಿಸಿ ಹೇಳುವವರು ವಿರಳ. ಈ ಕೊರತೆಯನ್ನು ನೀಗುವುದು ವೈದ್ಯರ ಹೊಣೆ ಮಾತ್ರವಲ್ಲ, ವಿದ್ಯಾವಂತ ಸಮಾಜದ ಹೊಣೆಯೂ ಹೌದು.

ಈ ಬಡಾವಣೆಗಳಿಗೆ ಅನತಿದೂರದಲ್ಲಿ, ಹೊಸೂರು ರಸ್ತೆಯಲ್ಲಿ, ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು 1973ರಲ್ಲಿ ಸ್ಥಾಪಿತವಾಯಿತು. ಬೆಂಗಳೂರು ನಗರದ ಅರ್ಬುದ ರೋಗಿಗಳ ಗಣನೆಯು ಅಲ್ಲಿ 1982ರಿಂದ ನಡೆದುಬಂದಿದೆ. ಆರಂಭದ ವರ್ಷಗಳಲ್ಲಿ ಸ್ತ್ರೀಯರಲ್ಲಿ ಗರ್ಭಕೊರಳಿನ ಅರ್ಬುದವು ಮುಂಚೂಣಿಯಲ್ಲಿತ್ತು. ಇಂದು ಆ ಸ್ಥಾನವು ಸ್ತನಾರ್ಬುದದ್ದು. ಆದಕಾರಣ ಈ ವಿಚಾರವು ಯಾವ ಮನೆಗೂ ದೂರದ್ದಲ್ಲ.

ಅಂಡಾಶಯಕ್ಕೂ ಸ್ತನಾರ್ಬುದಕ್ಕೂ ನಂಟುಂಟೆಂಬುದನ್ನು 1896ರಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ತೋರಿಸಿಕೊಟ್ಟನು. ಅಂಡಾಶಯವನ್ನು ತೆಗೆದಾಗ ಕೆಲವರಲ್ಲಿ ಗಡ್ಡೆ ಕುಗ್ಗಿತು, ಎಲ್ಲರಲ್ಲಿಯೂ ಅಲ್ಲ. ಈ ಭೇದವೇಕೆ? ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನು ಜೀವಕೋಶದೊಳಗೆ ಇದೆಯೆಂದು ಅಮೆರಿಕದ ಎಲ್ವುಡ್ ಜೆನ್ಸನ್ ಕಂಡುಹಿಡಿದ ಮೇಲೆ ಉತ್ತರ ದೊರೆಯಿತು. ಅದಕ್ಕೆ ಕನ್ನಡದಲ್ಲಿ ಗ್ರಾಹಕವೆಂಬ ಹೆಸರು ಸಂದಿದೆ. ಅಂಗಡಿಗೆ ಬರುವ ಗಿರಾಕಿಯೂ ಗ್ರಾಹಕನೇ. ಆದರೆ ಇಲ್ಲಿ ಪದದ ಮೂಲಾರ್ಥವೇ ಗ್ರಾಹ್ಯ: ಗ್ರಹಿಸುವುದು ಗ್ರಾಹಕ. ಇ.ಆರ್. ಎಂದರೆ ಈಸ್ಟ್ರೋಜನ್ ಗ್ರಾಹಕ, ಪಿ.ಆರ್. ಎಂದರೆ ಪ್ರೊಜೆಸ್ಟರಾನ್ ಎಂಬ ಮತ್ತೊಂದು ಹಾರ್ಮೋನಿನ ಗ್ರಾಹಕ. ಹರ್-2 ಜೀವಕೋಶದ ಹೊರಪೊರೆಯಲ್ಲಿದ್ದು, ಬೆಳವಣಿಗೆಯನ್ನು ಪ್ರೇರಿಸುವ ವರ್ಧಕಾಂಶಗಳ ಗ್ರಾಹಕವರ್ಗಕ್ಕೆ ಸೇರಿದುದು. ಸುಮಾರು ಐದರಲ್ಲಿ ಒಂದು ಸ್ತನಾರ್ಬುದದಲ್ಲಿ ಇದು ಅತಿಯಾಗಿ ವೃದ್ಧಿಸಿರುತ್ತದೆ.

ಇವೆರಡು ಮಾರ್ಗಗಳೂ ಪರಸ್ಪರ ಸಂಬಂಧವಿಲ್ಲದೆ ನಡೆಯುವುವೆಂದು ಭಾವಿಸಿದರೆ ತಪ್ಪಾದೀತು. ವ್ಯಾಕರಣದ ಸಂಧಿಪ್ರಕರಣವನ್ನು ಓದಿದವರಿಗೆ ಇದು ಸುಲಭವಾಗಿ ತಿಳಿಯುವಂಥದು. ಮಳೆ, ಕಾಲ ಎಂಬ ಎರಡು ಪದಗಳನ್ನು ಬೇರೆ ಬೇರೆಯಾಗಿ ಬಲ್ಲವನೂ 'ಮಳೆಗಾಲ'ದಲ್ಲಿ ಗಕಾರವೆಲ್ಲಿಂದ ಬಂತೆಂಬುದನ್ನು ಸಂಧಿನಿಯಮವನ್ನು ಅರಿಯದೆ ಹೇಳಲಾರನು. ಅಂತೆಯೇ ಹರ್-2ರಿಂದ ಹೊರಟ ಸಂಕೇತವು ಕೋಶದೊಳಗೆ ಕೈಯಿಂದ ಕೈಗೆ ಸಾಗಿ, ಈಸ್ಟ್ರೋಜನ್ ಗ್ರಾಹಕಕ್ಕೆ ಫಾಸ್ಫೇಟ್ ಅಂಶವನ್ನು ಅಂಟಿಸಿ, ಹಾರ್ಮೋನು ಇಲ್ಲದಿದ್ದರೂ ಅದನ್ನು ಎಚ್ಚರಗೊಳಿಸಬಲ್ಲದು. ಈಸ್ಟ್ರೋಜನ್ ಗ್ರಾಹಕವೂ ಪ್ರತಿಯಾಗಿ ವರ್ಧಕಾಂಶಗಳ ಮಾರ್ಗವನ್ನು ಕೆರಳಿಸಬಲ್ಲದು. ಒಂದು ಬಾಗಿಲನ್ನು ಮುಚ್ಚಿದಾಗ ರೋಗವು ಮತ್ತೊಂದನ್ನು ತೆರೆದುಕೊಳ್ಳುವುದು ಹೀಗೆ. ಟಮಾಕ್ಸಿಫೆನ್ ಮಾತ್ರೆಯು ಕೆಲವರಲ್ಲಿ ಕಾಲಕ್ರಮೇಣ ನಿಷ್ಫಲವಾಗುವುದಕ್ಕೆ ಇದೂ ಒಂದು ಕಾರಣ. ಆದುದರಿಂದ ಎರಡೂ ಗ್ರಾಹಕಗಳಿರುವಲ್ಲಿ ಎರಡಕ್ಕೂ ತಡೆಯೊಡ್ಡುವ ಚಿಕಿತ್ಸೆಯನ್ನು ವೈದ್ಯರು ಯೋಜಿಸುತ್ತಾರೆ.

ಹರ್-2ಕ್ಕೆ ತಡೆಯೊಡ್ಡುವ ಟ್ರಾಸ್ಟುಜುಮಾಬ್ ಔಷಧಕ್ಕೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ದೊರೆಯಿತು. ಅದರ ಬೆಲೆ ಸಾಮಾನ್ಯರಿಗೆ ಎಟುಕದಂತಿತ್ತು. ಬೆಂಗಳೂರಿನದೇ ಆದ ಬಯೋಕಾನ್ ಸಂಸ್ಥೆಯು ಅದಕ್ಕೆ ಸಮಾನವಾದ ಔಷಧವನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. 2017ರಲ್ಲಿ ಅಮೆರಿಕವೂ ಅದಕ್ಕೆ ಮನ್ನಣೆಯಿತ್ತಿತು. ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಔಷಧವು ಊರಿನಲ್ಲಿಯೇ ತಯಾರಾದರೂ, ಪರೀಕ್ಷೆಯು ಸಮರ್ಪಕವಾಗಿ ನಡೆಯದಿದ್ದಲ್ಲಿ ಅದು ಬೇಕಾದವಳಿಗೆ ತಲುಪುವುದಿಲ್ಲ.

ಪರೀಕ್ಷೆಯು ಎಡವುವ ಎಡೆಗಳು ಸಣ್ಣವು, ಪರಿಣಾಮವು ದೊಡ್ಡದು. ಹೊರತೆಗೆದ ಗಡ್ಡೆಯ ತುಣುಕನ್ನು ತಡಮಾಡದೆ ಫಾರ್ಮಲಿನ್ ದ್ರವದಲ್ಲಿ ಇಡಬೇಕು; ವಿಳಂಬವಾದರೆ ಇರುವ ಗ್ರಾಹಕವೂ ಇಲ್ಲವೆಂದು ವರದಿಯಾದೀತು. ಹರ್-2ರ ಫಲಿತಾಂಶವು 3+ ಎಂದಿದ್ದರೆ ಇದೆ ಎಂದರ್ಥ. 0 ಅಥವಾ 1+ ಎಂದಿದ್ದರೆ ವೃದ್ಧಿಯಾಗಿಲ್ಲವೆಂದರ್ಥ. 2+ ಎಂಬುದು ಸಂದೇಹದ ಸ್ಥಿತಿ; ಆಗ ಫಿಶ್ ಮೊದಲಾದ ಎರಡನೆಯ ಪರೀಕ್ಷೆ ಅಗತ್ಯ. ಹಣವಿಲ್ಲವೆಂದು ಆ ಪರೀಕ್ಷೆಯನ್ನು ಕೈಬಿಟ್ಟರೆ ಸಂದೇಹವೇ ತೀರ್ಪಾಗಿಬಿಡುತ್ತದೆ.

ಇಂಥ ಸೂಕ್ಷ್ಮಗಳನ್ನು ತಿಳಿಸಿದರೆ ರೋಗಿಯು ಅಂಜಬಹುದು, ಇವು ತಜ್ಞರಿಗೆ ಮೀಸಲಾಗಿರಲಿ ಎನ್ನುವವರುಂಟು. ಆ ಮಾತಿನಲ್ಲಿ ಕರುಣೆಯಿದೆ, ವಿವೇಕವಿಲ್ಲ. ಹಾರ್ಮೋನು ತಡೆಯುವ ಮಾತ್ರೆಯನ್ನು ಸಾಮಾನ್ಯವಾಗಿ 5 ವರ್ಷ, ಕೆಲವರು 10 ವರ್ಷದವರೆಗೂ ಸೇವಿಸಬೇಕಾಗುತ್ತದೆ. ಏಕೆಂಬುದನ್ನು ಅರಿಯದ ತಾಯಿಯು, ಗಡ್ಡೆ ಹೋಯಿತಲ್ಲ, ಇನ್ನೇಕೆ ಮಾತ್ರೆ ಎಂದು ನಡುವೆಯೇ ನಿಲ್ಲಿಸಿಬಿಡುತ್ತಾಳೆ. ಆಕೆಗೆ ಹಾನಿ ಮಾಡುವುದು ತಿಳಿವಳಿಕೆಯಲ್ಲ, ತಿಳಿವಳಿಕೆಯ ಅಭಾವ.

ಹೀಗಾಗಿ ಮಾಡಬೇಕಾದ ಕಾರ್ಯಗಳು ಸ್ಪಷ್ಟವಾಗಿವೆ. ಪ್ರತಿಯೊಂದು ವರದಿಯ ಜೊತೆಗೂ ಅದರ ತಾತ್ಪರ್ಯವನ್ನು ತಿಳಿಗನ್ನಡದಲ್ಲಿ ಬರೆದ ಒಂದು ಪುಟವಿರಲಿ. ಪ್ರೌಢಶಾಲೆಯ ಜೀವಶಾಸ್ತ್ರದ ಉಪಾಧ್ಯಾಯರು ಹಾರ್ಮೋನಿನ ಪಾಠದೊಂದಿಗೆ ಗ್ರಾಹಕದ ಪಾಠವನ್ನೂ ಹೇಳಲಿ. ಇಂದಿನ ಬಾಲಕಿಯೇ ನಾಳೆ ತಾಯಿಯ ವರದಿಯನ್ನು ಓದುವವಳು. ವೈದ್ಯವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ಆ ಪುಟವನ್ನು ತಿದ್ದಿಕೊಡಲಿ. ಕಟ್ಟಡಕ್ಕೆ ಕೊಟ್ಟ ದಾನವು ಕಣ್ಣಿಗೆ ಕಾಣುತ್ತದೆ. ಬಡವಳೊಬ್ಬಳ ಎರಡನೆಯ ಪರೀಕ್ಷೆಗೆ ಕೊಟ್ಟ ದಾನವು ಕಾಣುವುದಿಲ್ಲ, ಆದರೆ ಒಂದು ಮನೆಯ ದೀಪವನ್ನು ಉಳಿಸೀತು.

ಮೂರು ಸಾಲುಗಳನ್ನು ಓದಿ ಅರ್ಥ ಹೇಳುವುದು ಅಕ್ಷರಸ್ಥ ಸಮಾಜಕ್ಕೆ ಹೊರಲಾರದ ಭಾರವೇನಲ್ಲ. ಆ ಕಾರ್ಯವು ಮನೆಮನೆಯಲ್ಲಿ ಆರಂಭವಾಗಲಿ.