ಹಾಡಿದವರು ಮಾತನಾಡಲಿ

ಸುಮಾರು 16 ವರ್ಷಗಳ ಮುನಿಸು ಮರೆತು ಬ್ರಿಟನ್ನಿನ ಓಯಸಿಸ್ ರಾಕ್ ತಂಡದ ಗ್ಯಾಲಗರ್ ಸಹೋದರರು 2025ರ ಜುಲೈ 4ರಂದು ಕಾರ್ಡಿಫ್‌ನಲ್ಲಿ ಮತ್ತೆ ಒಟ್ಟಿಗೆ ಹಾಡಿದರು. ಅಭಿಮಾನಿಗಳು ಕಣ್ಣೀರಾದರು. ಆದರೆ ಹಿಂದಿನ ವರ್ಷ ಆನ್‌ಲೈನ್ ಸರದಿಯಲ್ಲಿ ತಾಸುಗಟ್ಟಲೆ ಕಾದವರಿಗೆ ಕೆಲವು ಟಿಕೆಟ್‌ಗಳ ದರ ದುಪ್ಪಟ್ಟಿಗಿಂತ ಹೆಚ್ಚಾಗಿ ಕಂಡಿತ್ತು. ಬ್ರಿಟನ್ನಿನ ಸ್ಪರ್ಧಾ ನಿಯಂತ್ರಣ ಸಂಸ್ಥೆ ತನಿಖೆಗೆ ಇಳಿಯಿತು. ತಂಡವೋ, ಟಿಕೆಟ್ ವಿಚಾರ ವ್ಯವಸ್ಥಾಪಕರದ್ದು ಎಂಬ ಹೇಳಿಕೆ ಕೊಟ್ಟಿತು. ಈ ಹೇಳಿಕೆ ಸಾಲದು; ದರದ ಬಗ್ಗೆ ಹಾಡಿದವರೇ ಉತ್ತರಿಸಬೇಕು.

ಮೈಸೂರಿಗೂ ಟಿಕೆಟ್ ದರದ ಈ ಪ್ರಶ್ನೆ ದೂರದ್ದಲ್ಲ. 2024ರಲ್ಲಿ ಉತ್ತನಹಳ್ಳಿಯ ಯುವ ದಸರಾಕ್ಕೆ ಎ.ಆರ್. ರೆಹಮಾನ್, ಇಳಯರಾಜ ಬಂದರು. ಟಿಕೆಟ್ ದರ 8,000 ರೂಪಾಯಿವರೆಗೆ ಏರಿತು. ನಾಡಹಬ್ಬದ ವೇದಿಕೆಯಲ್ಲಿ ದರ, ಸಂಭಾವನೆಗಳ ಬಗ್ಗೆ ಕೇಳುವುದು ಜನರ ಹಕ್ಕು. ಹಾಗಾಗಿ ಕಲಾವಿದರೊಂದಿಗಿನ ಮುಂದಿನ ಒಪ್ಪಂದದಲ್ಲೇ, ಅವರು ಅರ್ಧ ಗಂಟೆ ಪತ್ರಕರ್ತರೆದುರು ಕೂರಬೇಕೆಂಬ ಷರತ್ತನ್ನು ಜಿಲ್ಲಾಡಳಿತ ಸೇರಿಸಬೇಕು.