ಸರಕಾರದ ಕಣ್ಣು, ಹೊಟೇಲಿನ ರಿಜಿಸ್ಟರು

ಸರಕಾರವು ಪ್ರಜೆಗಳ ಮೇಲೆ ಕಣ್ಣಿಡುವ ಮಾತು ಬಂದಾಗಲೆಲ್ಲ ಜಾರ್ಜ್ ಆರ್ವೆಲ್ ಎಂಬ ಆಂಗ್ಲ ಲೇಖಕನ ಹೆಸರನ್ನೆತ್ತುವುದು ಪತ್ರಿಕೆಗಳಲ್ಲಿ ವಾಡಿಕೆಯಾಗಿದೆ. ೧೯೪೯ರ ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಆತನ ‘೧೯೮೪’ ಎಂಬ ಕಾದಂಬರಿಯನ್ನು ಓದಿದವರಿಗಿಂತ ಅದರ ಹೆಸರು ಹೇಳುವವರೇ ಹೆಚ್ಚು. ಆದರೆ ನಮ್ಮ ವಾಚಕರಿಗೆ ಆತನನ್ನು ಬೇರೊಂದು ಗುರುತಿನಿಂದ ಪರಿಚಯಿಸಬಹುದು. ಆತ ನಮ್ಮ ಕಸುಬಿನವನು. ೧೯೨೯ರಲ್ಲಿ ಪ್ಯಾರಿಸಿನ ಹೊಟೇಲೊಂದರ ನೆಲಮಾಳಿಗೆಯಲ್ಲಿ ಎಂಜಲು ಪಾತ್ರೆ ತೊಳೆದು ಹೊಟ್ಟೆ ಹೊರೆದವನು. ಹುಟ್ಟಿದ್ದು ೧೯೦೩ರಲ್ಲಿ, ಬಿಹಾರದ ಮೋತಿಹಾರಿಯಲ್ಲಿ. ತಂದೆ ಸರಕಾರದ ಅಫೀಮು ಇಲಾಖೆಯ ನೌಕರ. ಪಾತ್ರೆ ತೊಳೆಯುವ ಮೊದಲು ಐದು ವರುಷ ಬರ್ಮಾದಲ್ಲಿ ಪೋಲೀಸು ಅಧಿಕಾರಿಯಾಗಿಯೂ ಇದ್ದನು.

ಇಂಗ್ಲೆಂಡಿನ ಗುಪ್ತಚರ ಇಲಾಖೆಯು ಈತನ ಮೇಲೆ ಇಟ್ಟಿದ್ದ ಕಡತವನ್ನು ೨೦೦೭ರಲ್ಲಿ ಬಹಿರಂಗಪಡಿಸಲಾಯಿತು. ಅದರಲ್ಲಿನ ಟಿಪ್ಪಣಿಗಳು ಆ ಪ್ಯಾರಿಸ್ ದಿನಗಳಷ್ಟು ಹಿಂದಕ್ಕೆ ಹೋಗುತ್ತವೆ. ಮುಂದೆ ೧೯೪೨ರಲ್ಲಿ ಪೋಲೀಸನೊಬ್ಬನು ಈತನ ಉಡುಪಿನ ರೀತಿಯನ್ನೂ ಸಂಶಯಕ್ಕೊಂದು ಕಾರಣವೆಂಬಂತೆ ವರದಿ ಮಾಡಿದ್ದನು. ಮೇಲಧಿಕಾರಿಯೊಬ್ಬನು ಆ ವರದಿಯನ್ನು ಒಪ್ಪಲಿಲ್ಲವೆಂಬುದನ್ನೂ ಹೇಳುವುದು ನ್ಯಾಯ. ಪಾತ್ರೆ ತೊಳೆಯುವ ಬಡವನಲ್ಲಿ ಸರಕಾರಕ್ಕೆ ನೋಡುವಂಥದ್ದೇನಿದೆ ಎಂದು ಕೇಳುವವರಿಗೆ ಇದೊಂದು ಉತ್ತರವಾದೀತು.

ಕಾದಂಬರಿಯ ಕಥಾನಾಯಕನು ಒಬ್ಬ ಗುಮಾಸ್ತ. ಸರಕಾರಿ ಕಚೇರಿಯಲ್ಲಿ ಕುಳಿತು ಹಳೆಯ ವೃತ್ತಪತ್ರಿಕೆಗಳ ಸುದ್ದಿಯನ್ನು ಇಂದಿನ ಅಧಿಕಾರಸ್ಥರಿಗೆ ಒಪ್ಪುವಂತೆ ತಿದ್ದುವುದು ಆತನ ಉದ್ಯೋಗ. ಅವನ ಮನೆಯ ಗೋಡೆಯಲ್ಲಿ ನೋಡುವ, ಕೇಳುವ, ಆರಿಸಲಾಗದ ಒಂದು ಯಂತ್ರವಿದೆ. ಆದರೆ ಹೆಚ್ಚಿನವರು ಗಮನಿಸದೆ ಬಿಡುವ ಸಂಗತಿಯೊಂದಿದೆ. ಆ ರಾಜ್ಯದಲ್ಲಿ ಕೂಲಿಕಾರರ ಮೇಲೆ ಅಂಥ ಕಾವಲಿಲ್ಲ. ಅವರಲ್ಲಿ ಹೆಚ್ಚಿನವರ ಮನೆಗಳಲ್ಲಿ ಆ ಯಂತ್ರವೇ ಇಲ್ಲ. ಗುಮಾಸ್ತನನ್ನು ಕಾಯಬೇಕು, ಕೂಲಿಯವನನ್ನು ಅವನ ಪಾಡಿಗೆ ಬಿಡಬಹುದು ಎಂಬುದು ಅಲ್ಲಿಯ ರಾಜನೀತಿ. ಕಾಯುವುದಕ್ಕೆ ಮನುಷ್ಯರು ಬೇಕು, ಮನುಷ್ಯರಿಗೆ ಸಂಬಳ ಕೊಡಬೇಕು. ಅಷ್ಟು ವೆಚ್ಚಕ್ಕೆ ಕೂಲಿಯವನು ತಕ್ಕವನಲ್ಲ.

ಆರ್ವೆಲ್ಲನ ಊಹೆ ತಪ್ಪಿದ್ದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಕಾವಲು ಈಗ ಅಗ್ಗವಾಗಿದೆ. ಕ್ಯಾಮರಾ ಸಂಬಳ ಕೇಳುವುದಿಲ್ಲ, ಯಂತ್ರವು ನೆನಪಿಟ್ಟುಕೊಳ್ಳಲು ಬೇಸರಪಡುವುದಿಲ್ಲ. ಅದರಿಂದ ಬಡವನಿಗಿದ್ದ ಆ ಒಂದು ರಿಯಾಯಿತಿಯೂ ಹೋಯಿತು. ಹೋದದ್ದು ಮಾತ್ರವಲ್ಲ, ಸರದಿಯಲ್ಲಿ ಅವನೇ ಮೊದಲಿಗನಾದನು. ಊರಿನಿಂದ ಹೊಸದಾಗಿ ಬಂದ ಮಾಣಿಯ ಭಾವಚಿತ್ರ, ಆಧಾರ್ ಪ್ರತಿ, ಊರಿನ ವಿಳಾಸ ಇವೆಲ್ಲ ಪೋಲೀಸು ಠಾಣೆಗೆ ಹೋಗುತ್ತವೆ. ಗಲ್ಲೆಯ ಮೇಲೆ ಕುಳಿತ ಧಣಿಯ ಭಾವಚಿತ್ರವನ್ನು ಯಾರೂ ಕೇಳುವುದಿಲ್ಲ. ಹೈದರಾಬಾದಿನಲ್ಲಿ ೨೦೨೧ರ ಮೇ ತಿಂಗಳಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರನ್ನು ಪೋಲೀಸರು ತಡೆದು, ಮುಖಗವಸು ತೆಗೆಯುವಂತೆ ಹೇಳಿ ಫೋಟೋ ಹಿಡಿದರು. ಆ ಸದ್ಗೃಹಸ್ಥರು ಯಾವ ಕಾಯಿದೆಯ ಪ್ರಕಾರ ಎಂದು ಕೇಳಿ, ಮುಖ ಗುರುತಿಸುವ ಯಂತ್ರದ ಬಳಕೆಯ ವಿರುದ್ಧ ತೆಲಂಗಾಣದ ಹೈಕೋರ್ಟಿಗೇ ಹೋದರು. ಅಂಥ ಧೈರ್ಯವೂ ಬಿಡುವೂ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗುಂಟು?

ಪೋಲೀಸರಿಗೆ ಕಣ್ಣು ಬೇಡವೆಂಬುದು ನಮ್ಮ ವಾದವಲ್ಲ. ನಾವು ಹೊಟೇಲು ನಡೆಸುತ್ತಿದ್ದ ಕಾಲದಲ್ಲಿ ಗಲ್ಲೆಯ ಮೇಲ್ಗಡೆ ಕ್ಯಾಮರಾ ಹಾಕಿಸಿದವರೇ, ಅದರಿಂದ ಒಮ್ಮೆ ಕಳ್ಳನನ್ನು ಹಿಡಿಸಿದವರೇ. ಪ್ರಶ್ನೆಯಿರುವುದು ಕಣ್ಣಿನದಲ್ಲ, ಆ ಕಣ್ಣು ಯಾರ ಅಪ್ಪಣೆಯಿಂದ ತೆರೆಯುತ್ತದೆ, ಆ ಅಪ್ಪಣೆ ಸರಿಯೋ ತಪ್ಪೋ ಎಂದು ನೋಡುವವರು ಯಾರು ಎಂಬುದು.

ಈ ಪ್ರಶ್ನೆ ನಮ್ಮ ದೇಶದಲ್ಲಿ ಹಳೆಯದು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನನ್ನು ಡಕಾಯಿತಿಯ ಆರೋಪದಲ್ಲಿ ಹಿಡಿದು, ಸಾಕ್ಷ್ಯವಿಲ್ಲದೆ ಬಿಟ್ಟರು. ಬಿಟ್ಟ ಮೇಲೂ ಠಾಣೆಯಲ್ಲಿ ಅವನ ಹೆಸರಿನ ಹಾಳೆ ತೆರೆದು, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿಯತೊಡಗಿದರು. ೧೯೬೨ರಲ್ಲಿ ಸುಪ್ರೀಂ ಕೋರ್ಟು ರಾತ್ರಿ ಮನೆಗೆ ಬರುವುದು ಕೂಡದೆಂದಿತು. ಉಳಿದ ಕಾವಲಿಗೆ ಅಡ್ಡಿಪಡಿಸಲಿಲ್ಲ. ನ್ಯಾಯಮೂರ್ತಿ ಸುಬ್ಬರಾವ್ ಅವರು ಮಾತ್ರ ಇನ್ನೊಬ್ಬರೊಂದಿಗೆ ಭಿನ್ನ ತೀರ್ಪು ಬರೆದರು. ಅವರ ಪಕ್ಷ ಗೆಲ್ಲಲು ಐವತ್ತೈದು ವರುಷ ಬೇಕಾದುವು. ಗೆಲ್ಲಿಸಿದವರು ನಮ್ಮವರೆಂಬುದು ಹೆಮ್ಮೆಯ ಮಾತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಅರ್ಜಿ ಹಾಕಿದರು. ಅದರಿಂದ ಹುಟ್ಟಿದ ಪ್ರಶ್ನೆಗೆ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ಉತ್ತರವಿತ್ತರು: ಖಾಸಗಿತನವು ಮೂಲಭೂತ ಹಕ್ಕು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು.

ಹಕ್ಕು ಗೆದ್ದಿತು, ಸರಿ. ಆದರೆ ಅಪ್ಪಣೆ ಕೊಡುವವರು ಬದಲಾದರೇ? ಟೆಲಿಫೋನು ಕದ್ದಾಲಿಸಲು ಅಪ್ಪಣೆಯೀಯತಕ್ಕವರು ಗೃಹ ಇಲಾಖೆಯ ಕಾರ್ಯದರ್ಶಿಗಳು. ಅದನ್ನು ಪರಿಶೀಲಿಸುವ ಸಮಿತಿಯಲ್ಲಿರುವವರೂ ಕಾರ್ಯದರ್ಶಿಗಳೇ. ೧೯೯೬ರಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ಏರ್ಪಾಡು ಅದು. ೨೦೨೩ರ ಹೊಸ ದೂರಸಂಪರ್ಕ ಕಾಯಿದೆ, ೨೦೨೪ರ ಅದರ ನಿಯಮಗಳು ಬಂದ ಮೇಲೂ ಅಲ್ಲಿ ನ್ಯಾಯಾಧೀಶನಿಗೆ ಸ್ಥಾನವಿಲ್ಲ. ಅಡುಗೆ ಭಟ್ಟರು ಮಾಡಿದ ಸಾರಿನ ರುಚಿಯನ್ನು ಅಡುಗೆ ಭಟ್ಟರೇ ನೋಡಿದಂತಾಯಿತು. ನಮ್ಮ ರಾಜ್ಯದಲ್ಲಿಯೇ ರಾಮಕೃಷ್ಣ ಹೆಗಡೆಯವರು ೧೯೮೮ರಲ್ಲಿ ಟೆಲಿಫೋನು ಕದ್ದಾಲಿಕೆಯ ಆರೋಪದಿಂದ ಮುಖ್ಯಮಂತ್ರಿ ಪದವಿಯನ್ನು ಬಿಟ್ಟುದು ಹಿರಿಯ ವಾಚಕರಿಗೆ ನೆನಪಿದ್ದೀತು. ಆಗ ಒಂದು ಆರೋಪಕ್ಕೆ ಪದವಿ ಹೋಗುತ್ತಿತ್ತು. ೨೦೨೧ರಲ್ಲಿ ಪೆಗಾಸಸ್ ಎಂಬ ಗೂಢಚಾರ ತಂತ್ರದ ಗದ್ದಲವೆದ್ದಾಗ, ಕರ್ನಾಟಕದವರೇ ಆದ ನ್ಯಾಯಮೂರ್ತಿ ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ಸಮಿತಿಯೊಂದು ೨೯ ಫೋನುಗಳನ್ನು ಪರೀಕ್ಷಿಸಿತು. ಐದರಲ್ಲಿ ಏನೋ ಕೇಡಿನ ತಂತ್ರವಿದೆ, ಅದು ಪೆಗಾಸಸ್ಸೇ ಎನ್ನಲಾಗದು ಎಂದಿತು. ಕೇಂದ್ರ ಸರಕಾರವು ಸಮಿತಿಯೊಡನೆ ಸಹಕರಿಸಲಿಲ್ಲವೆಂದು ೨೦೨೨ರಲ್ಲಿ ಮುಖ್ಯ ನ್ಯಾಯಾಧೀಶರು ತೆರೆದ ಕೋರ್ಟಿನಲ್ಲಿ ಹೇಳಿದರು. ಯಾರ ಪದವಿಯೂ ಹೋಗಲಿಲ್ಲ.

ಈ ಎಲ್ಲ ದೊಡ್ಡವರ ವಿಚಾರ ಹಾಗಿರಲಿ. ನಮ್ಮ ಕಸುಬಿಗೆ ನೇರವಾಗಿ ತಾಗುವ ಒಂದು ಮೊಕದ್ದಮೆ ಅಮೆರಿಕೆಯಲ್ಲಿ ನಡೆಯಿತು. ಲಾಸ್ ಏಂಜಲಿಸ್ ನಗರದಲ್ಲಿ ಲಾಡ್ಜಿನವರು ತಂಗುವವರ ಹೆಸರು, ವಿಳಾಸ, ಗಾಡಿಯ ವಿವರಗಳನ್ನು ಬರೆದು ತೊಂಬತ್ತು ದಿವಸ ಇಟ್ಟುಕೊಳ್ಳಬೇಕು. ಪೋಲೀಸರು ಕೇಳಿದೊಡನೆ ತೋರಿಸಬೇಕು. ತೋರಿಸದಿದ್ದರೆ ಆರು ತಿಂಗಳವರೆಗೆ ಸೆರೆ, ಸಾವಿರ ಡಾಲರುವರೆಗೆ ದಂಡ ಎಂದು ಕಟ್ಟಳೆಯಿತ್ತು. ಪಟೇಲ್ ಎಂಬ ಹೆಸರಿನ ಲಾಡ್ಜು ಮಾಲೀಕರು ಕೋರ್ಟಿಗೆ ಹೋದರು. ೨೦೧೫ರ ಜೂನ್ ೨೨ರಂದು ಅಲ್ಲಿಯ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಆ ಕಟ್ಟಳೆಯನ್ನು ರದ್ದುಪಡಿಸಿತು. ರಿಜಿಸ್ಟರು ಇಡಬೇಡಿರೆಂದು ಕೋರ್ಟು ಹೇಳಲಿಲ್ಲ. ಕೊಡಲೊಪ್ಪದ ಮಾಲೀಕನಿಗೆ ಶಿಕ್ಷೆಗೆ ಮುಂಚೆ, ಪೋಲೀಸನಲ್ಲದ ಮೂರನೆಯವನೊಬ್ಬನ ಮುಂದೆ ತನ್ನ ಮಾತನ್ನು ಹೇಳಲು ಅವಕಾಶವಿರಬೇಕು, ಅಷ್ಟೇ. ಪರದೇಶಕ್ಕೆ ಹೊಟ್ಟೆಪಾಡಿಗೆ ಹೋದವರು ಗೆದ್ದುಕೊಟ್ಟ ಮಾತಿದು.

ಇದನ್ನೋದಿದ ದಿನ ನಮಗೆ ನಾಚಿಕೆಯಾದುದುಂಟು. ನಮ್ಮ ಹೊಟೇಲಿನ ಮಾಳಿಗೆಯಲ್ಲಿ ಎಂಟು ಕೋಣೆಗಳ ಲಾಡ್ಜಿತ್ತು. ರಾತ್ರಿ ಹನ್ನೊಂದರ ಮೇಲೆ ಠಾಣೆಯವರೊಬ್ಬರು ಬರುವರು. ನಾವು ಚಹಾ ತರಿಸುವೆವು. ಅವರು ರಿಜಿಸ್ಟರಿನ ಪುಟಗಳನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳುವರು. ಯಾವ ಪ್ರಕರಣಕ್ಕಾಗಿ ಎಂದು ನಾವು ಒಮ್ಮೆಯೂ ಕೇಳಲಿಲ್ಲ. ಆಸ್ಪತ್ರೆಗೆ ತಾಯಿಯನ್ನು ಕರೆದುತಂದ ಗುಮಾಸ್ತರು, ಇಂಟರ್‌ವ್ಯೂಗೆ ಬಂದ ಹುಡುಗರು ನಂಬಿ ಬರೆದುಕೊಟ್ಟ ಹೆಸರುಗಳವು. ಕೇಳಬಾರದೆಂಬ ಕಾಯಿದೆಯೇನೂ ಇರಲಿಲ್ಲ. ಲೈಸೆನ್ಸಿಗೆ ಮತ್ತೆ ಅವರ ಬಳಿಗೇ ಹೋಗಬೇಕಲ್ಲ ಎಂಬ ಅಂಜಿಕೆಯೊಂದಿತ್ತು.

ಕೇಳಿದರೆ ಏನೂ ಆಗದೆಂಬುದೂ ನಿಜವಲ್ಲ. ೨೦೨೫ರ ಡಿಸೆಂಬರಿನ ಆರಂಭದಲ್ಲಿ, ಪ್ರತಿಯೊಂದು ಹೊಸ ಮೊಬೈಲಿನಲ್ಲಿಯೂ ‘ಸಂಚಾರ್ ಸಾಥಿ’ ಎಂಬ ಸರಕಾರಿ ಆ್ಯಪನ್ನು ಮೊದಲೇ ಹಾಕಿರಬೇಕೆಂಬ ದೂರಸಂಪರ್ಕ ಇಲಾಖೆಯ ಅಪ್ಪಣೆ ಹೊರಬಿದ್ದಿತು. ಕಳವಾದ ಫೋನು ಹುಡುಕಲು ಉಪಯುಕ್ತವೆಂದರು; ಇರಬಹುದು. ತೆಗೆಯಬಹುದೇ ಬಾರದೇ ಎಂದು ಜನ ಗಟ್ಟಿಯಾಗಿ ಕೇಳಿದರು. ಎರಡು ಮೂರು ದಿವಸಗಳಲ್ಲಿ ಕಡ್ಡಾಯವನ್ನು ಹಿಂತೆಗೆದುಕೊಂಡರು.

ನಮ್ಮಿಂದ ಆ ಲಾಡ್ಜನ್ನು ಕೊಂಡ ಶೆಟ್ಟರು ನಮಗಿಂತ ಗಟ್ಟಿಗರು. ರಿಜಿಸ್ಟರಿನ ಕೊನೆಯಲ್ಲಿ ನಾಲ್ಕು ಪುಟಗಳನ್ನು ಬಿಟ್ಟು, ನೋಡಬಂದವರ ಹೆಸರು, ಹುದ್ದೆ, ಯಾವ ಪ್ರಕರಣ, ಸಹಿ ಎಂದು ಗೆರೆ ಎಳೆಸಿದ್ದಾರೆ. ಒಬ್ಬರು ನಕ್ಕು ಸಹಿ ಹಾಕಿದರಂತೆ. ಇನ್ನೊಬ್ಬರು ನಾಳೆ ಬರುತ್ತೇನೆಂದು ಹೋದವರು, ಕಳೆದ ವಾರ ನಾವು ವಿಚಾರಿಸಿದಾಗಲೂ ಬಂದಿರಲಿಲ್ಲ. ಚಹಾ ಮಾತ್ರ ಇಬ್ಬರಿಗೂ ಕೊಟ್ಟಿದ್ದರು.